ಸಿ ಸಾಲಿನ ಏಳನೇ ಕುರ್ಚಿ

ನಮ್ಮ ನಾಟಕ ಮಂಡಳಿಯ ಇಪ್ಪತ್ತು ವರ್ಷದ ಇತಿಹಾಸದಲ್ಲಿ ಪ್ರೇಕ್ಷಕರು ಕುರ್ಚಿಗಾಗಿ ಜಗಳವಾಡಿದ್ದು ಒಂದೇ ಒಂದು ಸಲ. ಅದಕ್ಕೆ ಮೊದಲೆಲ್ಲ ಕುರ್ಚಿಗಳೇ ಪ್ರೇಕ್ಷಕರಿಗಾಗಿ ಕಾದು ಕುಳಿತಿರುತ್ತಿದ್ದವು. ಆ ಜಗಳ ನಡೆದದ್ದು ನಾಯಕಿಯ ಅಂದ ನೋಡಲಿಕ್ಕಲ್ಲ, ನಾಯಕನ ಮಾತು ಕೇಳಲಿಕ್ಕಂತೂ ಅಲ್ಲವೇ ಅಲ್ಲ. ಒಂದು ಬೀದಿ ನೋಡಲಿಕ್ಕೆ. ಅದೂ ಬಟ್ಟೆಯ ಮೇಲೆ ಬರೆದ ಬೀದಿ. ನಾನು ಈ ಮಂಡಳಿಯ ಪ್ರಾಂಪ್ಟರ್. ಅಂದರೆ ವೇದಿಕೆಯ ಪಕ್ಕದ ಮರೆಯಲ್ಲಿ ಪುಸ್ತಕ ಹಿಡಿದು ನಿಂತು, ನಟರು ಮರೆತ ಮಾತನ್ನು ಪಿಸುಗುಟ್ಟುವವನು. ಚಪ್ಪಾಳೆ ಅವರಿಗೆ, ಗಂಟಲು ನೋವು ನನಗೆ. ಹೀಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಕಹಿ ಇದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಸುಳ್ಳು ಮಾತ್ರ ಇಲ್ಲ.

ಬೀದಿ ಬರೆದವನು ನನ್ನ ಸ್ನೇಹಿತ ಅಡಿಪಟ್ಟಿ. ನಕ್ಷೆ ಕಚೇರಿಯಲ್ಲಿ ಟ್ರೇಸರ್ ಕೆಲಸ. ಬೇರೆಯವರು ಬರೆದ ನಕ್ಷೆಯ ಮೇಲೆ ತೆಳು ಕಾಗದ ಹಾಸಿ, ಕೆಳಗೆ ಕಾಣುವ ಗೆರೆಯ ಮೇಲೆಯೇ ಗೆರೆ ಎಳೆಯುವುದು. ಇಪ್ಪತ್ತೆರಡು ವರ್ಷದಲ್ಲಿ ಅವನು ಎಳೆದ ಗೆರೆಗಳನ್ನು ಜೋಡಿಸಿದರೆ ಭೂಮಿಗೆ ಒಂದು ಸುತ್ತು ಬರುತ್ತಿತ್ತೋ ಏನೋ. ಅದರಲ್ಲಿ ಸ್ವಂತದ್ದು ಅಂತ ಒಂದಂಗುಲವೂ ಇರಲಿಲ್ಲ. ಜೇಬಿನಲ್ಲಿ ಸದಾ ಆರಂಗುಲದ ಪಟ್ಟಿ, ಅದರಿಂದಲೇ ಈ ಅಡ್ಡಹೆಸರು. ಬಸ್ಸಿಗೆ ಕಾಯುವಾಗಲೂ ಒಂದು ಕಣ್ಣು ಮುಚ್ಚಿ, ದೀಪದ ಕಂಬ ನೆಟ್ಟಗಿದೆಯೇ ಎಂದು ನೋಡಿ, ಇಲ್ಲವಾದರೆ ಬೇಸರ ಪಟ್ಟುಕೊಳ್ಳುವ ಆಸಾಮಿ.

ಇಂಥವನಿಗೆ ಸಿಕ್ಕಿದ ಮಾವ ಎಂಥವರು? ಡ್ರಾಯಿಂಗ್ ಮೇಷ್ಟ್ರು. ಅದೂ ಅವನಿಗೇ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ, ಕಲಿಸಿ, ಕೊನೆಗೆ ಫೇಲು ಮಾಡಿದ ಮೇಷ್ಟ್ರು. ಅವನು ಬರೆದ ಬೆಂಕಿಪೊಟ್ಟಣದ ಚಿತ್ರವನ್ನು ಇಡೀ ತರಗತಿಗೆ ಎತ್ತಿ ತೋರಿಸಿ, "ನೋಡ್ರೋ, ಇದರ ಮೇಲೆ ಯಾರೋ ಕೂತು ಎದ್ದಿದ್ದಾರೆ" ಅಂದಿದ್ದರಂತೆ. ಮುಂದೆ ಅದೇ ಹುಡುಗ ಅವರ ಮನೆಗೆ ಹೆಣ್ಣು ಕೇಳಲು ಬಂದ. ಮೇಷ್ಟ್ರು ಮಗಳನ್ನು ಕೊಟ್ಟರು, ಮಾರ್ಕು ಕೊಡಲಿಲ್ಲ. "ಅಳಿಯ ಅಲ್ಲ, ಮಗಳ ಗಂಡ" ಎಂದು ಜನ ತಮಾಷೆಗೆ ಹೇಳುತ್ತಾರೆ. ಮೇಷ್ಟ್ರು ಅದನ್ನು ನಿಷ್ಠೆಯಿಂದ ಪಾಲಿಸಿದರು. ಯಾರಿಗಾದರೂ ಪರಿಚಯ ಮಾಡಿಸುವಾಗ "ಇವರು ನನ್ನ ಮಗಳ ಗಂಡ" ಅನ್ನುತ್ತಿದ್ದರು. ದಾರಿಯಲ್ಲಿ ಸಿಕ್ಕ ಹಳೆಯ ಹುಡುಗರನ್ನೆಲ್ಲ, ಸೈಕಲ್ ರಿಪೇರಿಯವನನ್ನು ಕೂಡ, "ಇವನು ನನ್ನ ಶಿಷ್ಯ" ಎಂದು ಬೆನ್ನು ತಟ್ಟುವವರು ಅಡಿಪಟ್ಟಿಯನ್ನು ಮಾತ್ರ ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಹಾಗೆ ಕರೆಯಲಿಲ್ಲ. ಅಡಿಪಟ್ಟಿಗೆ ಜೀವನದಲ್ಲಿ ಬೇಕಾಗಿದ್ದದ್ದು ಬಡ್ತಿಯಲ್ಲ, ಬಂಗಲೆಯಲ್ಲ, ಆ ಒಂದು ಮಾತು.

ನಮ್ಮ ನಿರ್ದೇಶಕರು ಹಲ್ಲಿನ ಡಾಕ್ಟರು. ಬೆಳಿಗ್ಗೆ ಜನರ ಬಾಯಿ ತೆಗೆಸುವುದು, ಸಂಜೆ ನಟರ ಬಾಯಿ ತೆಗೆಸುವುದು. ಎರಡೂ ಕಡೆ ಕೇಳಿಬರುವ ಶಬ್ದ ಹೆಚ್ಚುಕಡಿಮೆ ಒಂದೇ. ಹೊಸ ನಾಟಕದ ಮೊದಲ ಸಭೆಯಲ್ಲಿ ಅವರು ಘೋಷಿಸಿದರು.

"ಮೊದಲರ್ಧ ಪೂರ್ತಿ ಬೀದಿಯಲ್ಲಿ ನಡೆಯತ್ತೆ. ಎರಡನೇ ಅರ್ಧ ಕೋರ್ಟಿನಲ್ಲಿ. ಕೋರ್ಟು ಬಿಡಿ, ಒಂದು ಮೇಜು ಹಾಕಿದ್ರೆ ಕೋರ್ಟೇ. ನನಗೆ ಬೇಕಾಗಿರೋದು ಬೀದಿ. ವೇದಿಕೆ ಆಳ ಹದಿನಾಲ್ಕು ಅಡಿ. ಅದರಲ್ಲಿ ಅರ್ಧ ಮೈಲಿ ಬೀದಿ ಕಾಣಬೇಕು. ಯಾರು ಮಾಡ್ತೀರಿ?"

ಸಭೆ ನೆಲ ನೋಡಿತು. ಅಡಿಪಟ್ಟಿ ಮಂಡಳಿಯ ಸದಸ್ಯನೂ ಆಗಿರಲಿಲ್ಲ. ನನ್ನ ಜೊತೆ ಬಂದಿದ್ದ, ಟೀ ಕುಡಿಯುತ್ತಿದ್ದ. ಲೋಟ ಕೆಳಗಿಟ್ಟು ಎದ್ದು ನಿಂತ.

"ನಾನು ಬರೀತೀನಿ ಸಾರ್. ಅರ್ಧ ಮೈಲಿ ಯಾಕೆ, ಬೇಕಾದ್ರೆ ಮುಕ್ಕಾಲು ಮಾಡಿ ಕೊಡ್ತೀನಿ."

"ಅರ್ಧ ಸಾಕು" ಎಂದರು ಡಾಕ್ಟರು. "ಮುಕ್ಕಾಲು ಮೈಲಿ ನಡೆಯೋ ಶಕ್ತಿ ನಮ್ಮ ಹೀರೋಗಿಲ್ಲ."

ಹೀರೋ ವಿಮಾ ಏಜೆಂಟು. ಅವನಿಗೆ ಈ ಮಾತು ಇಷ್ಟವಾಗಲಿಲ್ಲ.

ಆ ಭಾನುವಾರ ಅಡಿಪಟ್ಟಿಯ ಮನೆಯಲ್ಲಿ ನನಗೂ ಊಟವಿತ್ತು. ಎದುರಿಗೆ ಮೇಷ್ಟ್ರು. ಅಡಿಪಟ್ಟಿ ಎದೆಯುಬ್ಬಿಸಿ ಸುದ್ದಿ ಹೇಳಿದ. ಮೇಷ್ಟ್ರು ತುತ್ತು ಕೈಯಲ್ಲೇ ಹಿಡಿದು ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು.

"ನೀವಾ? ಬೀದಿನಾ?"

"ಹೌದು ಮಾವ."

"ಇದು ನಕ್ಷೆ ಅಲ್ಲಾರೀ, ಹದ್ದಿನ ಥರ ಮೇಲಿಂದ ನೋಡೋಕೆ. ಎದುರಿಗೆ ಕೂತು ನೋಡೋದು. ಮೊದಲು ನೋಡೋನ ಕಣ್ಣು ಎಲ್ಲಿದೆ ಅಂತ ನಿಶ್ಚಯ ಮಾಡ್ಕೊಳ್ಳಿ. ಕಣ್ಣು ನಿಶ್ಚಯ ಆಗದೆ ಗೆರೆ ಎಳೆದ್ರೆ ಅದು ಬೀದಿ ಆಗೋಲ್ಲ, ಬೆಂಕಿಪೊಟ್ಟಣ ಆಗತ್ತೆ."

ಇನ್ನಾರಾದರೂ ಆಗಿದ್ದರೆ ಈ ಮಾತನ್ನು ಹಿರಿಯರ ಹಿತವಚನ ಎಂದುಕೊಂಡು ಮಜ್ಜಿಗೆ ಬಡಿಸಿಕೊಳ್ಳುತ್ತಿದ್ದರು. ಅಡಿಪಟ್ಟಿ ಟ್ರೇಸರ್. ಕೊಟ್ಟ ಗೆರೆಯನ್ನು ಕೂದಲೆಳೆಯಷ್ಟೂ ಮೀರದವನು. ನೋಡುವವನ ಕಣ್ಣು ನಿಶ್ಚಯವಾಗಬೇಕು, ಸರಿ. ನೋಡುವವನು ಯಾರು? ಅವನ ಪಾಲಿಗೆ ಲೋಕದಲ್ಲಿ ನೋಡುವವರು ಒಬ್ಬರೇ ಇದ್ದರು. ಮರುದಿನವೇ ಹೋಗಿ ಮಾವನಿಗೆಂದು ಮೊಟ್ಟಮೊದಲ ಟಿಕೆಟ್ ತಂದ. ಸಿ ಸಾಲು, ಏಳನೇ ಕುರ್ಚಿ. ಕಣ್ಣಿನ ಜಾಗ ಸಿಕ್ಕಿತು. ಇನ್ನು ಉಳಿದದ್ದು ಕಣ್ಣಿನ ಎತ್ತರ.

ಅದಕ್ಕೆ ಟೈಲರನ್ನು ಹಿಡಿದ. ಈ ಟೈಲರು ನಮ್ಮ ಮಂಡಳಿಯ ಖಾಯಂ ನ್ಯಾಯಾಧೀಶ. ಕರಿ ಕೋಟು ಅವನ ಅಂಗಡಿಯಲ್ಲೇ ಇತ್ತು ಎಂಬುದು ಅವನ ಏಕೈಕ ಅರ್ಹತೆ. ಮಾವನಿಗೆ ಶರ್ಟು ಹೊಲಿಸುವ ನೆಪದಲ್ಲಿ ಮನೆಗೆ ಬಂದ ಟೈಲರು, ಮೇಷ್ಟ್ರನ್ನು ಕುರ್ಚಿಯ ಮೇಲೆ ಕೂರಿಸಿ, ಟೇಪಿನ ತುದಿಯನ್ನು ಕುರ್ಚಿಗೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಮೇಲೆ, ಮೇಲೆ, ಇನ್ನೂ ಮೇಲೆ ಒಯ್ದ.

"ಏನಯ್ಯಾ, ಕೂತು ಅಳತೆ ಕೊಡೋದಾ?"

"ಇದು ಕೂರೋವಾಗ ಹಾಕ್ಕೊಳ್ಳೋ ಶರ್ಟು ಸಾರ್."

"ಟೇಪು ಕಣ್ಣಿಗೆ ಚುಚ್ತಾ ಇದೆಯಲ್ಲೋ! ಶರ್ಟು ಹೊಲೀತೀಯೋ, ಮುಸುಕು ಹೊಲೀತೀಯೋ?"

"ಕಾಲರು ಸಾರ್. ಈಗ ಎತ್ತರದ ಕಾಲರೇ ಫ್ಯಾಷನ್ನು. ಹಾಂ, ಇಪ್ಪತ್ತೆಂಟು ಅಂಗುಲ."

"ಇಪ್ಪತ್ತೆಂಟೋ, ಇಪ್ಪತ್ತೆಂಟೂಕಾಲೋ? ಸರಿಯಾಗಿ ನೋಡು!" ಎಂದು ಬಾಗಿಲ ಹಿಂದಿನಿಂದ ಅಡಿಪಟ್ಟಿಯ ದನಿ ಬಂತು.

ಮೇಷ್ಟ್ರು ಮಗಳನ್ನು ಕರೆದು, "ನಿನ್ನ ಗಂಡನಿಗೆ ಬಿಸಿಲು ಹೊಡೆದಿದೆಯೇನಮ್ಮಾ?" ಎಂದು ವಿಚಾರಿಸಿದರು.

ಇಪ್ಪತ್ತೆಂಟೂಕಾಲು. ಸಿ ಸಾಲಿನ ಏಳನೇ ಕುರ್ಚಿಯ ಮೇಲೆ ಅಡಿಪಟ್ಟಿ ಒಂದು ಕೋಲು ನಿಲ್ಲಿಸಿದ. ಇಪ್ಪತ್ತೆಂಟೂಕಾಲು ಅಂಗುಲ ಎತ್ತರದಲ್ಲಿ ಕೋಲಿಗೊಂದು ಮೊಳೆ. ಆ ಮೊಳೆಯೇ ಮಾವನ ಕಣ್ಣು. ಮೊಳೆಯಿಂದ ವೇದಿಕೆಗೆ ದಾರ ಎಳೆದು, ದಾರ ಬಟ್ಟೆಗೆ ತಾಗಿದ ಕಡೆ ಒಂದು ಚುಕ್ಕಿ ಇಡುವುದು. ಮತ್ತೆ ದಾರ, ಮತ್ತೆ ಚುಕ್ಕಿ. ಎಡಬಲಕ್ಕೆ ಓರೆಯಾಗಿ ನಿಲ್ಲಿಸಿದ ಚೌಕಟ್ಟುಗಳ ಮೇಲೆ, ಹಿಂದಿನ ದೊಡ್ಡ ಪರದೆಯ ಮೇಲೆ, ಹಿಂದಕ್ಕೆ ಹೋಗುತ್ತ ಏರುವ ಹಲಗೆ ನೆಲದ ಮೇಲೆ ಸಾವಿರಾರು ಚುಕ್ಕಿಗಳು. ಒಂದೇ ಮನೆಯ ಬಾಗಿಲು ಪಕ್ಕದ ಚೌಕಟ್ಟಿನಲ್ಲಿ, ಕಿಟಕಿ ಹಿಂದಿನ ಪರದೆಯಲ್ಲಿ, ಮೆಟ್ಟಿಲು ನೆಲದ ಹಲಗೆಯಲ್ಲಿ! ಮುಂದಿನ ಮನೆಗಳಿಗೆ ಗಾಢ ಬಣ್ಣ. ದೂರ ಹೋದಂತೆ ನೀಲಿ ಬೆರೆಸಿ ಬೆರೆಸಿ ತೆಳುವಾಗಿಸಿದ. ಸೂರಿನ ಕೆಳಗೆ ನೆರಳು ಬರೆದ, ನೆರಳಿನೊಳಗೆ ಇನ್ನೊಂದು ನೆರಳು ಬರೆದ. ಆರು ವಾರ ಕಚೇರಿಗೆ ಹೋಗುವ ಮುಂಚೆ ಸಭಾಂಗಣಕ್ಕೆ ಬಂದು, ಉದ್ದ ಕೋಲಿಗೆ ಕುಂಚ ಕಟ್ಟಿಕೊಂಡು ದುಡಿದ. ಮುಗಿಯುವವರೆಗೆ ಒಬ್ಬರನ್ನೂ ಒಳಗೆ ಬಿಡಲಿಲ್ಲ. ಕಚೇರಿಯಲ್ಲಿ ಅವನ ಕಿವಿಗೆ ಅಂಟಿದ ನೀಲಿ ಕಂಡು ಮೇಲಧಿಕಾರಿ ಚರ್ಮದ ಡಾಕ್ಟರ ವಿಳಾಸ ಕೊಟ್ಟರು.

ಭಾನುವಾರ ಮಧ್ಯಾಹ್ನ ಮೂರಕ್ಕೆ ನಾಟಕ. ಶುಕ್ರವಾರ ಕೊನೆಯ ತಾಲೀಮು. ಹಲ್ಲಿನ ಡಾಕ್ಟರು ಎಡಗಡೆಯ ಬಾಗಿಲಿಂದ ಸಭಾಂಗಣದ ಒಳಗೆ ಬಂದವರು ವೇದಿಕೆ ನೋಡಿ ಕಿರುಚಿದರು.

"ಅಯ್ಯಯ್ಯೋ! ಮನೆ ಬೀಳ್ತಾ ಇದೆ! ಹಿಡ್ಕೊಳ್ರೋ!"

ನಾನು, ವಿಮಾ ಏಜೆಂಟು, ಟೈಲರು ಮೂವರೂ ಓಡಿಹೋಗಿ ಚೌಕಟ್ಟಿಗೆ ಭುಜ ಕೊಟ್ಟೆವು. ಚೌಕಟ್ಟು ಭದ್ರವಾಗಿಯೇ ಇತ್ತು. ಡಾಕ್ಟರು ನಿಂತ ಜಾಗದಿಂದ ಮಾತ್ರ ಎಡಸಾಲಿನ ಮನೆಗಳು ಅವರ ತಲೆಯ ಮೇಲೆ ಬೀಳುತ್ತಿದ್ದವು. ಬಲಸಾಲಿನ ಮನೆಗಳು ಸೂರು ಬಿಟ್ಟು ಓಡಿಹೋಗುತ್ತಿದ್ದವು. ರಸ್ತೆ ನಡುವೆ ಮುರಿದು ಆಕಾಶಕ್ಕೆ ಹತ್ತಿತ್ತು.

"ಇದೇನ್ರೀ ಅಡಿಪಟ್ಟಿ? ಬೀದಿ ಕೇಳಿದ್ರೆ ಭೂಕಂಪ ಬರೆದಿದ್ದೀರಲ್ರೀ!"

ಅಡಿಪಟ್ಟಿ ಅವರ ಕೈ ಹಿಡಿದು ಕರೆದೊಯ್ದು ಸಿ ಸಾಲಿನ ಏಳನೇ ಕುರ್ಚಿಯಲ್ಲಿ ಕೂರಿಸಿದ. ಹೆಗಲು ಒತ್ತಿ ಎರಡಂಗುಲ ಕುಗ್ಗಿಸಿದ.

ಡಾಕ್ಟರ ಬಾಯಿ ತಾನಾಗಿ ತೆರೆದುಕೊಂಡಿತು. ಕುರ್ಚಿಯ ಎರಡೂ ತೋಳು ಹಿಡಿದುಕೊಂಡರು. ಎದ್ದರು. "ಬಿತ್ತು!" ಎಂದರು. ಕೂತರು. "ನಿಂತಿತು!" ಎಂದರು. ಮತ್ತೆ ಎದ್ದರು, ಮತ್ತೆ ಕೂತರು. ಹೀಗೆ ಹತ್ತು ಸಲ ಮಾಡಿ ಬೆವರಿದರು. ಆಮೇಲೆ ನಾವೂ ಒಬ್ಬೊಬ್ಬರಾಗಿ ಕೂತು ನೋಡಿದೆವು. ಏನು ಹೇಳಲಿ! ಒಡೆದ ಮನೆಗಳೆಲ್ಲ ಕಣ್ಣೆದುರೇ ಕೂಡಿಕೊಂಡವು. ಬೀದಿ ಹೋಯಿತು, ಹೋಯಿತು, ಹೋಗುತ್ತಲೇ ಇತ್ತು. ಕೊನೆಯಲ್ಲೊಂದು ತಿರುವು, ಆ ತಿರುವಿನಲ್ಲಿ ಯಾರದೋ ಮನೆಯ ಬಿಸಿಲು. ಎದ್ದು ಹೋಗಿ ಆ ತಿರುವಿನಾಚೆ ಏನಿದೆ ಎಂದು ನೋಡಬೇಕು ಅನ್ನಿಸಿತು. ಇಪ್ಪತ್ತೆರಡು ವರ್ಷ ಬೇರೆಯವರ ಗೆರೆ ತಿದ್ದಿದವನ ಕೈಯಿಂದ ಇದು ಬಂತೇ ಎಂದು ಅವನನ್ನು ಅಪ್ಪಿಕೊಂಡೆ.

ಡಾಕ್ಟರಿಗೆ ಆಗ ಲೆಕ್ಕ ನೆನಪಾಯಿತು.

"ಅಲ್ಲಾ ಮಾರಾಯ್ರೇ, ಇಲ್ಲಿ ಮುನ್ನೂರ ಹನ್ನೆರಡು ಕುರ್ಚಿ ಇವೆ. ಮಿಕ್ಕ ಮುನ್ನೂರ ಹನ್ನೊಂದು ಜನ ಏನು ಮಾಡ್ಬೇಕು?"

ಅಡಿಪಟ್ಟಿ ಯೋಚಿಸಿದ. ಆರು ವಾರದಲ್ಲಿ ಈ ಪ್ರಶ್ನೆ ಅವನಿಗೆ ಹೊಳೆದೇ ಇರಲಿಲ್ಲ.

"ಅವರು ನಾಟಕ ನೋಡ್ಲಿ ಸಾರ್" ಎಂದ.

ಮತ್ತೆ ಬರೆಯಲು ಎರಡೇ ದಿನ. ಆಗುವ ಮಾತಲ್ಲ. ಡಾಕ್ಟರು ನಮ್ಮೆಲ್ಲರ ಬಾಯಿಗೆ ಬೀಗ ಹಾಕಿದರು. ಈ ವಿಷಯ ಹೊರಗೆ ಹೋಗಕೂಡದು. ಹೋಗುತ್ತಲೂ ಇರಲಿಲ್ಲ. ಆದರೆ ಅಡಿಪಟ್ಟಿಗೆ ಒಂದು ದಿಗಿಲು. ಅದೇ ಕುರ್ಚಿಯ ಟಿಕೆಟ್ ಇನ್ನೊಬ್ಬರಿಗೂ ಕೊಟ್ಟುಬಿಟ್ಟಿದ್ದರೆ? ವಿಚಾರಿಸಲು ಟಿಕೆಟ್ ಗುಮಾಸ್ತನ ಹತ್ತಿರ ಹೋದ. ಗುಮಾಸ್ತ "ಯಾಕ್ರೀ ಇಷ್ಟು ಆತುರ?" ಎಂದ. ಅಡಿಪಟ್ಟಿ ಕಿಂಡಿಯೊಳಗೆ ತಲೆ ತೂರಿಸಿ ಗುಟ್ಟಾಗಿ ಹೇಳಿದ. "ಆ ಕುರ್ಚಿಯಿಂದ ಮಾತ್ರ ಬೀದಿ ಬೀದಿಯಾಗಿ ಕಾಣೋದು. ಯಾರಿಗೂ ಹೇಳ್ಬೇಡಿ."

ಶನಿವಾರ ಬೆಳಗಾಗುವಷ್ಟರಲ್ಲಿ ಸುದ್ದಿ ಎಲ್ಲ ಅಂಗಡಿಗಳ ಕಟ್ಟೆ ಹತ್ತಿ ಇಳಿದಿತ್ತು. ಹಾಲಿನವನು ಹೇಳಿದ ಪ್ರಕಾರ, ಸಿ ಏಳು ಬಿಟ್ಟು ಉಳಿದ ಕುರ್ಚಿಗಳಲ್ಲೆಲ್ಲ ತಿಗಣೆ. ಔಷಧಿ ಅಂಗಡಿಯವನಿಗೆ ತಿಳಿದಂತೆ, ಆ ಕುರ್ಚಿಯಲ್ಲಿ ಕೂತವರಿಗೆ ಮಂಡಳಿಯವರು ಬೇರೆಯೇ ನಾಟಕ ತೋರಿಸುತ್ತಾರೆ. ಎದುರುಮನೆಯಾಕೆ ಅಡಿಪಟ್ಟಿಯ ಹೆಂಡತಿಯನ್ನು ಬಟ್ಟೆ ಒಣಹಾಕುವಾಗಲೇ ಹಿಡಿದಳು.

"ಏನ್ರೀ, ನಿಮ್ಮೆಜಮಾನ್ರು ಒಂದು ಕುರ್ಚಿಗೋಸ್ಕರ ಆರು ವಾರ ಬಣ್ಣ ಬಳಿದರಂತೆ! ಅದೃಷ್ಟವಂತೆ ನೀವು. ನನ್ನ ಗಂಡ ನನಗೋಸ್ಕರ ಒಂದು ಗೋಡೆಗೂ ಸುಣ್ಣ ಹೊಡೆದಿಲ್ಲ."

ಹೆಂಡತಿ ಒದ್ದೆ ಬಟ್ಟೆ ಬಕೆಟ್ಟಿಗೆ ಹಾಕಿ ಒಳಗೆ ಬಂದಳು. ನಾನು ಅಲ್ಲೇ ಕೂತಿದ್ದೆ. ಎದ್ದು ಹೋಗಲು ದಾರಿಯಿರಲಿಲ್ಲ, ಬಾಗಿಲಲ್ಲಿ ಅವಳೇ ನಿಂತಿದ್ದಳು.

"ನಂದು ಯಾವ ಕುರ್ಚಿ?"

"ಸಿ ಎಂಟು" ಎಂದ ಅಡಿಪಟ್ಟಿ. "ಮಾವನ ಪಕ್ಕದಲ್ಲೇ."

"ಅಲ್ಲಿಂದ ಹೇಗೆ ಕಾಣತ್ತೆ?"

ಅಳತೆಯ ವಿಷಯದಲ್ಲಿ ಅಡಿಪಟ್ಟಿಗೆ ಸುಳ್ಳು ಬರುವುದಿಲ್ಲ. "ನಾಲ್ಕನೇ ಮನೆಗೆ ಬಾಗಿಲಿರೋಲ್ಲ" ಎಂದುಬಿಟ್ಟ.

"ನೋಡಿದ್ರಾ?" ಎಂದು ಅವಳು ನನ್ನ ಕಡೆ ತಿರುಗಿದಳು. "ಇಪ್ಪತ್ತು ವರ್ಷ ಸಂಸಾರ ಮಾಡಿದ್ದಕ್ಕೆ ನನಗೆ ಬಾಗಿಲಿಲ್ಲದ ಮನೆ! ಅಪ್ಪನಿಗೆ ಅರ್ಧ ಮೈಲಿ ಬೀದಿ, ಮಗಳಿಗೆ ಬೋಳು ಗೋಡೆ!"

"ಅದು ಹಾಗಲ್ಲ ಕಣೇ, ನಿನ್ನ ಕಣ್ಣು ಒಂದೂವರೆ ಅಡಿ ಈ ಕಡೆ..."

"ನನ್ನ ಕಣ್ಣಿನ ಸುದ್ದಿ ಈಗ ನೆನಪಾಯ್ತಾ? ಅಪ್ಪನಿಗೆ ನಾನು ಒಂದಕ್ಷರ ಹೇಳೋಲ್ಲ. ನೀವೇ ತೋರಿಸ್ಕೊಳ್ಳಿ, ನೀವೇ ಮಾರ್ಕು ತಗೊಳ್ಳಿ."

ಇಷ್ಟರಲ್ಲೇ ಮುಗಿದಿದ್ದರೆ ಸಂಸಾರದ ಮಾತು ಅನ್ನಬಹುದಿತ್ತು. ಆದರೆ ಹನ್ನೊಂದು ಗಂಟೆಗೆ ಜವಾನನೊಬ್ಬ ಹಲ್ಲಿನ ಡಾಕ್ಟರ ದವಾಖಾನೆಗೆ ಬಂದ. ಸಭಾಂಗಣ ಯಾವ ಕಚೇರಿಗೆ ಸೇರಿದ್ದೋ ಆ ಕಚೇರಿಯ ದೊಡ್ಡ ಸಾಹೇಬರು ನಾಟಕದ ಮುಖ್ಯ ಅತಿಥಿ. ಅವರಿಗೆ ಎ ಸಾಲಿನಲ್ಲಿ ಮೆತ್ತನೆಯ ಸೋಫಾ ಇಟ್ಟಿದ್ದೆವು.

"ಸಾಹೇಬರು ಕೇಳ್ತಾ ಇದ್ದಾರೆ" ಎಂದ ಜವಾನ. "ಸಭಾಂಗಣ ನಮ್ದು, ಒಳ್ಳೆ ಕುರ್ಚಿ ಮಾತ್ರ ಬೇರೆಯವರದ್ದಾ, ಅಂತ. ಮುಂದಿನ ವರ್ಷ ನಿಮಗೆ ಹಾಲ್ ಬೇಕೋ ಬೇಡ್ವೋ, ಅಂತ."

ಡಾಕ್ಟರು ಒಂದು ಕೈಯಲ್ಲಿ ಯಾರದೋ ಹಲ್ಲು ಹಿಡಿದುಕೊಂಡೇ ಸಿ ಏಳನ್ನು ಸಾಹೇಬರಿಗೆ ಒಪ್ಪಿಸಿಬಿಟ್ಟರು. ಮೇಷ್ಟ್ರ ಟಿಕೆಟ್ ವಾಪಸು ಇಸಿದುಕೊಂಡು ಜಿ ಸಾಲಿನ ಒಂದನೇ ಕುರ್ಚಿ ಕೊಡುವ ಹೊಣೆ ನಮಗೆ ಬಿತ್ತು. ಜಿ ಒಂದು ಅಂದರೆ ಎಡಗೋಡೆಗೆ ಅಂಟಿದ ಕುರ್ಚಿ. ಭೂಕಂಪದ ಕೇಂದ್ರ!

ಮೇಷ್ಟ್ರು ಹೊಸ ಟಿಕೆಟನ್ನು ತಿರುಗಿಸಿಯೂ ನೋಡಲಿಲ್ಲ.

"ಅದಕ್ಕೇನಂತೆ, ಕೊಡಿ. ನನಗೆ ಎಲ್ಲಾದ್ರೇನು? ಚಿತ್ರ ಸರಿಯಾಗಿದ್ರೆ ಎಲ್ಲಿ ಕೂತು ನೋಡಿದ್ರೂ ಸರಿಯಾಗೇ ಇರತ್ತೆ."

ಅಡಿಪಟ್ಟಿ ಇಂಗು ತಿಂದ ಮಂಗನ ಹಾಗೆ ನನ್ನ ಮುಖ ನೋಡಿದ. ಹಿಂದಿರುಗುವಾಗ ದಾರಿಯುದ್ದಕ್ಕೂ ಒಂದೂ ದೀಪದ ಕಂಬದ ಕಡೆ ತಿರುಗಿ ನೋಡಲಿಲ್ಲ.

ಭಾನುವಾರ ಮೂರು ಗಂಟೆ. ಒಂದು ಕುರ್ಚಿಯ ಗಲಾಟೆಯಿಂದಾಗಿ ಮುನ್ನೂರ ಹನ್ನೆರಡೂ ಭರ್ತಿ. ಪರದೆ ಎದ್ದಿತು. ಸಭಾಂಗಣದ ಎಡಭಾಗದವರೆಲ್ಲ "ಹಾ!" ಎಂದು ಬಲಕ್ಕೆ ವಾಲಿದರು. ಬಲಭಾಗದವರೆಲ್ಲ ಎಡಕ್ಕೆ ವಾಲಿದರು. ನಡುವೆ ಸಿ ಏಳರಲ್ಲಿ ಸಾಹೇಬರು ಮಾತ್ರ ನೆಟ್ಟಗೆ ಕೂತಿದ್ದರು. ಆದರೆ ಅವರ ಮುಖ ಗಂಟಿಕ್ಕಿತ್ತು. ಸಾಹೇಬರು ಆರಡಿ ಎರಡಂಗುಲ. ಅವರ ಕಣ್ಣು ಮೇಷ್ಟ್ರ ಕಣ್ಣಿಗಿಂತ ಐದಂಗುಲ ಮೇಲೆ. ಅಷ್ಟು ಮೇಲಿಂದ ಅವರಿಗೆ ಬೀದಿ ನೀರಿಲ್ಲದ ಕಾಲುವೆಯ ಹಾಗೆ ಕಂಡಿತಂತೆ.

ಅಡಿಪಟ್ಟಿಗೆ ತಡೆಯಲಾಗಲಿಲ್ಲ. ನನ್ನ ಪಕ್ಕದಿಂದ ಇಳಿದವನು ಬಿ ಸಾಲು ಮತ್ತು ಸಿ ಸಾಲಿನ ನಡುವೆ ಅಂಬೆಗಾಲಿಟ್ಟು ಸಾಗಿದ. ಎಂಟನೇ ಕುರ್ಚಿಯ ಹೆಂಡತಿಯ ಕಾಲು ದಾಟುವಾಗ ಅವಳು ಬೇಕೆಂತಲೇ ತುಳಿದಳು.

"ಸಾರ್" ಎಂದ ಅಡಿಪಟ್ಟಿ, ಸಾಹೇಬರ ಮೊಣಕಾಲಿನ ಹತ್ತಿರದಿಂದ. "ದಯವಿಟ್ಟು ಐದಂಗುಲ ಕೆಳಗಿಳೀರಿ."

"ಏನಂದ್ರಿ? ಯಾರು ನೀವು?"

"ಬೀದಿ ನಂದೇ ಸಾರ್. ಇನ್ನೂ ಸ್ವಲ್ಪ. ಬೆನ್ನು ಜಾರಿಸಿ. ಹಾಂ, ಗದ್ದ ಎದೆಗೆ ಇಡಿ. ಸಾಕು, ಸಾಕು, ಕಾಲಂಗುಲ ಮೇಲೆ!"

ಮುಖ್ಯ ಅತಿಥಿಗಳು ನಡು ಕುರ್ಚಿಯ ತುದಿಗೆ ಬರುವವರೆಗೆ ಜಾರಿದರು. ನೋಡಿದವರು ಸಾಹೇಬರಿಗೆ ನಿದ್ದೆ ಹತ್ತಿತು ಎಂದುಕೊಂಡರು. ವೇದಿಕೆಯಲ್ಲಿ ನಾಯಕಿ ತಾಯಿಯನ್ನು ನೆನೆದು ಅಳುವ ಘಟ್ಟ. ಇಡೀ ಸಭೆ ಸ್ತಬ್ಧ. ಆಗ ಸಾಹೇಬರ ದನಿ ಗುಡುಗಿತು.

"ಅಬ್ಬಬ್ಬಾ! ಎಷ್ಟು ದೂರ ಹೋಗುತ್ರೀ ಇದು! ಅಗೋ, ಅಲ್ಲೊಂದು ತಿರುವು ಬೇರೆ!"

ನಾಯಕಿ ಅಳು ನಿಲ್ಲಿಸಿ ಹಿಂದೆ ತಿರುಗಿ ನೋಡಿದಳು.

ಇದರಿಂದ ವಿಮಾ ಏಜೆಂಟನ ಹೊಟ್ಟೆ ಉರಿಯಿತು. ಜನ ಹೀರೋನನ್ನು ಬಿಟ್ಟು ಗೋಡೆ ನೋಡುವುದೇ? ವೇದಿಕೆಯ ಮೇಲೆ ಸೀಮೆಸುಣ್ಣದ ಗೆರೆಯೊಂದಿತ್ತು. "ಇದನ್ನ ದಾಟಿ ಹಿಂದೆ ಹೋಗ್ಬೇಡಿ, ಅಲ್ಲಿನ ಮನೆಗಳು ಎದೆಮಟ್ಟ ಅಷ್ಟೇ" ಎಂದು ಅಡಿಪಟ್ಟಿ ಕಾಲು ಹಿಡಿದು ಬೇಡಿಕೊಂಡಿದ್ದ. ಹೀರೋ ಗೆರೆ ದಾಟಿದ. ಒಂದೊಂದು ಹೆಜ್ಜೆಗೂ ಬೆಳೆದ. ಮೂರನೇ ಹೆಜ್ಜೆಗೆ ಎರಡಂತಸ್ತಿನ ಮನೆಗಿಂತ ಎತ್ತರವಾಗಿ, ಛಾವಣಿಯ ಮೇಲೆ ಮೊಣಕೈ ಊರಿ, "ನಾನೊಬ್ಬ ಬಡವ, ನನ್ನನ್ನು ಎಲ್ಲರೂ ತುಳಿಯುತ್ತಾರೆ" ಎಂಬ ಮಾತು ಹೇಳಿದ. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಆಮೇಲೆ ಅವನು ನೆಲ ಸರಿಯಿರಲಿಲ್ಲ ಎಂದು ದೂರಿದ. ಕುಣಿಯಲಾರದವಳು ನೆಲ ಡೊಂಕು ಅಂದಳು ಎನ್ನೋಣವೆಂದರೆ ನೆಲ ನಿಜವಾಗಿಯೂ ಡೊಂಕಾಗಿತ್ತು.

ಎಡಗೋಡೆಯ ಜಿ ಒಂದರಲ್ಲಿ ಮೇಷ್ಟ್ರು ಪರದೆ ಎದ್ದಾಗ ಒಂದೇ ಒಂದು ಸಲ ನೋಡಿದ್ದರು. ಆಮೇಲೆ ಕೈಕಟ್ಟಿ ಕಣ್ಣು ಮುಚ್ಚಿಕೊಂಡಿದ್ದರು. ಅಡಿಪಟ್ಟಿ ನನ್ನ ಪಕ್ಕದಲ್ಲಿ ನಿಂತು ಬೀದಿ ನೋಡಲಿಲ್ಲ, ಸಾಹೇಬರನ್ನು ನೋಡಲಿಲ್ಲ, ಆ ಮುಚ್ಚಿದ ಎರಡು ಕಣ್ಣುಗಳನ್ನೇ ನೋಡುತ್ತಿದ್ದ. "ಮುಗೀತು ಕಣೋ" ಎಂದ. ಅವನ ದನಿ ಕೇಳಿ ನನಗೆ ಸಂಕಟವಾಯಿತು.

ವಿರಾಮದ ಗಂಟೆ ಹೊಡೆಯಿತು. ಹಗ್ಗ ಸಿಕ್ಕಿಕೊಂಡು ಮುಂದಿನ ಪರದೆ ಇಳಿಯಲಿಲ್ಲ. ದೀಪ ಹತ್ತಿದ್ದೇ ತಡ, ಸಾಹೇಬರು ಅಕ್ಕಪಕ್ಕದವರಿಗೆ ಬೀದಿಯನ್ನು ವರ್ಣಿಸತೊಡಗಿದರು. ಅಡಿಪಟ್ಟಿಯ ಹೆಂಡತಿ ಎದ್ದು ನಿಂತು, "ಸ್ವಲ್ಪ ಏಳ್ತೀರಾ ಸಾರ್? ನನ್ನ ಗಂಡ ಬರೆದದ್ದು, ನಾನೇ ನೋಡಿಲ್ಲ" ಎಂದಳು. ಸಾಹೇಬರು ಎದ್ದರು. ಅವಳು ಕೂತಳು. ಕೂತವಳು "ಓ!" ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಗಂಡನ ಮೇಲಿನ ಎರಡು ದಿನದ ಸಿಟ್ಟು ಆ "ಓ" ಜೊತೆ ಹೋಯಿತು. "ನಾಲ್ಕನೇ ಮನೆಗೆ ಬಾಗಿಲಿದೆ ಕಣ್ರೀ!" ಎಂದು ಎದುರುಮನೆಯಾಕೆಗೆ ಕೂಗಿ ಹೇಳಿದಳು. ಎದುರುಮನೆಯಾಕೆ ಆರು ಜನರ ಕಾಲು ತುಳಿದುಕೊಂಡು ಬಂದಳು. ಅವಳ ಹಿಂದೆ ಅವಳ ಗಂಡ, ಅವನ ಹಿಂದೆ ಹಾಲಿನವನು, ಔಷಧಿ ಅಂಗಡಿಯವನು. ಐದು ನಿಮಿಷದಲ್ಲಿ ಸಾಲು ಬಾಗಿಲು ದಾಟಿ ಅಂಗಳಕ್ಕೆ ಹೋಯಿತು.

"ನಾನು ಮೊದಲು ಬಂದಿದ್ದು!"

"ನಾನು ಟಿಕೆಟ್ ತಗೊಂಡಿದ್ದೇ ಮೊದಲು!"

"ರೀ, ನೀವು ಎರಡನೇ ಸಲ ಬರ್ತಾ ಇದ್ದೀರಿ, ನನಗೆ ಗೊತ್ತು!"

ಸಾಹೇಬರಿಗೆ ಎಲ್ಲಿಲ್ಲದ ಹುರುಪು. ಕೋಟು ಬಿಚ್ಚಿ ಜವಾನನ ಕೈಗೆ ಕೊಟ್ಟು, ಗಡಿಯಾರ ಹಿಡಿದು ಕುರ್ಚಿಯ ಪಕ್ಕದಲ್ಲಿ ನಿಂತರು. ಒಬ್ಬರಿಗೆ ಒಂದು ನಿಮಿಷ. ಎತ್ತರದವರ ಹೆಗಲನ್ನು ತಾವೇ ಒತ್ತಿ ಕುಗ್ಗಿಸಿದರು, ಕುಳ್ಳರಿಗೆ ತಮ್ಮ ಫೈಲನ್ನೇ ಕೆಳಗೆ ಹಾಕಿ ಏರಿಸಿದರು. ಗಂಟೆ ಎರಡನೇ ಸಲ ಹೊಡೆಯಿತು, ಮೂರನೇ ಸಲ ಹೊಡೆಯಿತು. ಯಾರೂ ತಂತಮ್ಮ ಜಾಗಕ್ಕೆ ಹೋಗಲಿಲ್ಲ. ಶುಕ್ರವಾರ ನೋಡಿದ್ದು ಸಾಲದೆ, ಬಣ್ಣ ಹಚ್ಚಿದ ನಾಯಕಿಯೂ ಇಳಿದು ಬಂದು ಸಾಲಿನಲ್ಲಿ ನಿಂತಳು. ಅವಳ ಹಿಂದೆ ಕರಿ ಕೋಟಿನ ನ್ಯಾಯಾಧೀಶ. ಹೀರೋ ಮಾತ್ರ ಹತ್ತು ನಿಮಿಷ ಮುನಿಸಿಕೊಂಡಿದ್ದು, ಆಮೇಲೆ ಯಾರೂ ನೋಡದಂತೆ ಮುಖಕ್ಕೆ ಶಾಲು ಹೊದ್ದು ಬಂದ. ಹಲ್ಲಿನ ಡಾಕ್ಟರು "ನಾಟಕ! ನಾಟಕ!" ಎಂದು ಕೂಗುತ್ತ ಸಾಲಿನ ಉದ್ದಕ್ಕೂ ಓಡಾಡಿದರು. ಕೊನೆಗೆ ಸುಸ್ತಾಗಿ ತಾವೂ ಸಾಲಿನಲ್ಲಿ ನಿಂತರು.

ಮೇಷ್ಟ್ರು ಕಣ್ಣು ತೆರೆದಿರಲಿಲ್ಲ. ಮಗಳು ಹೋಗಿ ಅವರ ಕೈ ಹಿಡಿದಳು.

"ಅಪ್ಪಾ, ಏಳಿ. ನೋಡೋರಂತೆ."

"ನೋಡಿಯಾಯ್ತು. ಇದಕ್ಕಿಂತ ಆ ಬೆಂಕಿಪೊಟ್ಟಣವೇ ವಾಸಿ."

"ನೀವೇ ಹೇಳಿದ್ರಂತಲ್ಲ, ಮೊದಲು ಕಣ್ಣು ನಿಶ್ಚಯ ಮಾಡ್ಕೊಳ್ಳಿ ಅಂತ. ಅವರು ನಿಶ್ಚಯ ಮಾಡಿದ್ದು ನಿಮ್ಮ ಕಣ್ಣು. ಆ ಟೈಲರು ಅಳೆದದ್ದು ಕಾಲರಿಗಲ್ಲ."

ಮೇಷ್ಟ್ರು ಕಣ್ಣು ತೆರೆದು ಮಗಳ ಮುಖ ನೋಡಿದರು. ಆಮೇಲೆ ಎದ್ದರು. ಸಾಲಿನಲ್ಲಿದ್ದವರು ಯಾಕೋ ತಾವಾಗಿಯೇ ದಾರಿ ಬಿಟ್ಟರು. ಮೇಷ್ಟ್ರು ಸಿ ಸಾಲಿನ ಏಳನೇ ಕುರ್ಚಿಯಲ್ಲಿ ಕೂತರು. ಸಾಹೇಬರು ಹೆಗಲು ಒತ್ತಲು ಹೋದವರು ಕೈ ಹಿಂದೆ ತೆಗೆದುಕೊಂಡರು. ಒತ್ತುವುದಕ್ಕೂ ಏರಿಸುವುದಕ್ಕೂ ಅಲ್ಲಿ ಏನೂ ಇರಲಿಲ್ಲ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಮೇಷ್ಟ್ರು ಜೇಬಿನಿಂದ ಪೆನ್ಸಿಲ್ ತೆಗೆದರು. ಕೈ ನೀಡಿ, ಒಂದು ಕಣ್ಣು ಮುಚ್ಚಿ, ಮೊದಲನೇ ಮನೆ ಅಳೆದರು. ಎರಡನೇ ಮನೆ. ಮೂರನೇ ಮನೆ. ಸೂರು, ಕಿಟಕಿ, ಮೆಟ್ಟಿಲು, ಕಂಬ. ಅಡಿಪಟ್ಟಿ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಪುಸ್ತಕ ಕೆಳಗೆ ಬಿತ್ತು. ಪೆನ್ಸಿಲ್ಲು ಬೀದಿಯ ತುದಿಯ ತಿರುವಿನವರೆಗೂ ಹೋಗಿ ಅಲ್ಲೇ ನಿಂತಿತು. ಮೇಷ್ಟ್ರು ಅದನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡರು.

"ಮೇಷ್ಟ್ರೇ, ನಿಮ್ಮ ನಿಮಿಷ ಆಯ್ತು" ಎಂದರು ಸಾಹೇಬರು.

"ಆಗ್ಲಿ."

"ಹಿಂದೆ ಇನ್ನೂ ಅರವತ್ತು ಜನ ನಿಂತಿದ್ದಾರೆ."

"ನಿಲ್ಲಲಿ."

ಹಲ್ಲಿನ ಡಾಕ್ಟರಿಗೆ ಇದೇ ಸರಿಯಾದ ಸಮಯವೆನ್ನಿಸಿತು. ಬೀದಿ ಹೋದರೆ ಸಾಲೂ ಹೋಗುತ್ತದೆ. ನೇಪಥ್ಯದವರಿಗೆ ಸನ್ನೆ ಮಾಡಿದರು. ಇಬ್ಬರು ಆಳುಗಳು ವೇದಿಕೆಗೆ ಬಂದು, ಕೋರ್ಟಿಗೆ ಜಾಗ ಮಾಡಲು ಮೊದಲನೇ ಮನೆಗೆ ಕೈ ಹಚ್ಚಿದರು.

"ಮುಟ್ಟಬೇಡ್ರೋ!"

ಮೂವತ್ತು ವರ್ಷ ತರಗತಿಗಳನ್ನು ನಡುಗಿಸಿದ ದನಿ ಅದು. ಆಳುಗಳು ನಿಂತಲ್ಲೇ ನಿಂತರು. ಸಾಹೇಬರ ಕೈಯಿಂದ ಗಡಿಯಾರ ಜಾರಿತು.

"ಒಂದಂಗುಲ ಅಲ್ಲಾಡಿಸಿದ್ರೆ ನೋಡಿ! ಯಾರು ಬರೆದದ್ದು ಗೊತ್ತಾ ಅದು? ಅದನ್ನ ಬರೆದೋನು ನನ್ನ ಶಿಷ್ಯ! ನನ್ನ ಕೈಯಲ್ಲಿ ಕಲಿತೋನು!"

ಯಾರ ಕೈಯಲ್ಲಿ ಯಾರು ಏನು ಕಲಿತರೆಂಬುದನ್ನು ಆಗ ಯಾರೂ ಕೇಳಲಿಲ್ಲ. ಕೋರ್ಟನ್ನು ಬೀದಿಯಲ್ಲೇ ನಡೆಸುವುದೆಂದು ತೀರ್ಮಾನವಾಯಿತು. ನಡು ರಸ್ತೆಯಲ್ಲಿ ಮೇಜು ಬಂತು, ಮೇಜಿನ ಹಿಂದೆ ಟೈಲರು ಬಂದು ಕೂತ, ಎದುರಿಗೆ ಆರೋಪಿಯಾಗಿ ವಿಮಾ ಏಜೆಂಟು ಕೈಮುಗಿದು ನಿಂತ. ದೀಪ ಆರಿತು. ನಾಟಕ ಮುಂದುವರಿಯಿತು.

ನನ್ನ ಪಕ್ಕದಲ್ಲಿ ಅಡಿಪಟ್ಟಿ ಬಣ್ಣದ ಡಬ್ಬಿಯ ಮೇಲೆ ಕುಸಿದು ಕೂತಿದ್ದ. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಏನಂದ್ರು? ಮಗಳ ಗಂಡ ಅಂದ್ರಾ?"

"ಅಲ್ಲ ಮಾರಾಯ, ಶಿಷ್ಯ ಅಂದ್ರು. ಇಡೀ ಹಾಲ್ ಕೇಳಿದೆ."

"ನನಗೆ ಕಿವಿ ಗುಂಯ್ ಅಂತಿತ್ತು. ಇನ್ನೊಂದ್ಸಲ ಹೇಳೋ. ಅವರು ಹೇಳಿದ ಹಾಗೇ ಹೇಳು."

ವೇದಿಕೆಯಲ್ಲಿ ಟೈಲರು "ಆರೋಪಿಯೇ, ಈ ಅಪರಾಧವನ್ನು ನೀನು ಒಪ್ಪಿಕೊಳ್ಳುತ್ತೀಯಾ?" ಎಂದು ಕೇಳಬೇಕಿತ್ತು. ಎಂದಿನಂತೆ ಮರೆತಿದ್ದ. ಕಿವಿಯನ್ನು ನನ್ನ ಕಡೆ ವಾಲಿಸಿ ಕಾಯುತ್ತಿದ್ದ. ನಾನೂ ಮನುಷ್ಯ, ನನಗೂ ಎದೆ ತುಂಬಿ ಬಂದಿತ್ತು. ಪುಸ್ತಕ ಮರೆತು, ಎದೆಯುಬ್ಬಿಸಿ, ಮೇಷ್ಟ್ರ ಧಾಟಿಯಲ್ಲೇ ಹೇಳಿದೆ. "ಅದನ್ನ ಬರೆದೋನು ನನ್ನ ಶಿಷ್ಯ!"

ಟೈಲರು ಮೇಜಿಗೆ ಸುತ್ತಿಗೆ ಬಡಿದು, ಆರೋಪಿಯ ಕಡೆ ಬೆರಳು ನೀಡಿ ಗರ್ಜಿಸಿದ.

"ಅದನ್ನ ಬರೆದೋನು ನನ್ನ ಶಿಷ್ಯ!"

ವಿಮಾ ಏಜೆಂಟು ಕಣ್ಣು ಕಣ್ಣು ಬಿಟ್ಟ. ಆದರೆ ಅವನಿಗೆ ಆ ದೃಶ್ಯದಲ್ಲಿ ಬಾಯಿಪಾಠವಾಗಿದ್ದದ್ದು ಒಂದೇ ಮಾತು. ತಲೆ ತಗ್ಗಿಸಿ ಅದನ್ನೇ ಹೇಳಿದ.

"ಒಪ್ಪಿಕೊಂಡೆ ಮಹಾಸ್ವಾಮಿ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ."

ಆಮೇಲೆ ಚಪ್ಪಾಳೆ ಶುರುವಾಯಿತು. ಶುರು ಮಾಡಿದವರು ಮೇಷ್ಟ್ರು.